‘ಬೇಡ’ ಎಂಬುದನ್ನೂ ಬರೆದುಕೊಡಿ: ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ಇದು ನಾಲ್ಕು ಹಳೆಯ ಕಿಟಕಿ ಬದಲಿಸಲು ಪರವಾನಗಿ ಬೇಕೇ, ಬೇಡವೇ ಎಂಬ ವಿಷಯ. 2024ರಲ್ಲಿ ಶಿರೂರಿನ ಗುಡ್ಡ ಕುಸಿತ ಕಂಡ ಜಿಲ್ಲೆ ಇದು, ಪ್ರತಿ ವರ್ಷ ಕಡಲ್ಕೊರೆತ ಬೇರೆ. ಅದರ ನಡುವೆ ಇವನದೊಂದು ಕಿಟಕಿ ಅಂತ ತಮಗೆ ಅನ್ನಿಸಿದರೆ ತಪ್ಪಲ್ಲ. ಆದರೂ ಐದು ನಿಮಿಷ ಓದಿ.

ನಮ್ಮ ಮನೆ ಸಮುದ್ರದಿಂದ ಕೂಗಳತೆಯಲ್ಲಿದೆ. 1979ರಲ್ಲಿ ಅಪ್ಪ ಕಟ್ಟಿಸಿದ್ದು. ಚಿರೇಕಲ್ಲಿನ ಗೋಡೆ, ಮೇಲೆ ಮಂಗಳೂರು ಹಂಚು, ಪಡುವಣಕ್ಕೆ ನಾಲ್ಕು ಕಿಟಕಿ. ಸಂಜೆ ಗಾಳಿಗೆ ಅಂತ ಇಟ್ಟ ಕಿಟಕಿಗಳು ಈಗ ಮಳೆ ಒಳಗೆ ಬರುವ ದಾರಿಯಾಗಿವೆ. ಸರಳುಗಳಿಗೆ ಉಪ್ಪುಗಾಳಿ ತಾಗಿ ತುಕ್ಕು. ತುಕ್ಕು ಹಿಡಿದ ಕಬ್ಬಿಣ ಸವೆದು ಸಣ್ಣಗಾಗುತ್ತದೆ ಅಂತ ನಾನು ತಿಳಿದಿದ್ದೆ. ಅದು ಮೊದಲು ಉಬ್ಬುತ್ತದೆ. ಸರಳು ಕೂತ ತೂತಿನಲ್ಲೇ ಉಬ್ಬಿ, ಚೌಕಟ್ಟಿನ ಮರವನ್ನು ಸೀಳಿಬಿಟ್ಟಿದೆ. ಸೀಳಿನಲ್ಲಿ ನೀರು ಇಳಿಯಿತು, ನೀರಿನ ಹಿಂದೆ ಒರಲೆ ಬಂತು. ಮೊದಲೆಲ್ಲ ಜೂನ್ ಬರುವ ಮುಂಚೆ ತೆಂಗಿನ ಮಡಲು ಹೆಣೆದು ಆ ಗೋಡೆಗೆ ತಟ್ಟಿ ಕಟ್ಟುತ್ತಿದ್ದೆವು. ಈಗ ಹೆಣೆಯುವವರು ಸಿಗುವುದಿಲ್ಲ. ಹೋದ ಮಳೆಗಾಲ ಪೂರ್ತಿ ನೀಲಿ ಟಾರ್ಪಾಲಿನ ಪಟಪಟ ಕೇಳುತ್ತ ಮಲಗಿದ್ದೇವೆ.

ಆಚಾರಿ ಬಂದು ಉಳಿಯ ತುದಿಯಿಂದ ಚೌಕಟ್ಟು ಒತ್ತಿ ನೋಡಿದರು. ಉಳಿ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. “ಮಾಸ್ತರೇ, ಇದು ರಿಪೇರಿ ಕೆಲಸ ಅಲ್ಲ. ಪೂರ್ತಿ ತೆಗೀಬೇಕು. ಮೊದಲು ಪರ್ಮಿಶನ್ ಏನು ಎತ್ತ ಕೇಳ್ಕಂಡು ಬನ್ನಿ” ಅಂದರು.

ಕೇಳಲು ಹೋದೆ. ಯಾವ ಊರು, ಯಾವ ಕಚೇರಿ ಅಂತ ಬರೆಯುವುದಿಲ್ಲ. ಬರೆದರೆ ಕೌಂಟರಿನಲ್ಲಿ ಕೂತ ಹುಡುಗನಿಗೆ ಸುಮ್ನೆ ಒಂದು ನೋಟಿಸು ಹೋಗುತ್ತದೆ, ಪದ್ಧತಿ ಹಾಗೇ ಉಳಿಯುತ್ತದೆ. ಅವನು ಒಳ್ಳೆಯ ಹುಡುಗ. “ಕಿಟಕಿಗೆಲ್ಲ ಪರವಾನಗಿ ಯಾಕೆ ಸರ್, ಹಾಕ್ಕೊಳ್ಳಿ” ಅಂದ. ಅದನ್ನೇ ಒಂದು ಸಾಲು ಬರೆದುಕೊಡಪ್ಪ ಅಂದೆ. “ಬೇಡದ್ದಕ್ಕೆ ಏನಂತ ಬರೆದುಕೊಡೋದು ಸರ್?” ಅಂದ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡನೇ ಸಲ ಹೋದಾಗ ಬೇರೆಯವರಿದ್ದರು. ನಿಮ್ಮದು ಸಿಆರ್‌ಝಡ್ (ಕಟ್ಟಡಗಳಿಗೆ ನಿರ್ಬಂಧ ಇರುವ ಕರಾವಳಿ ನಿಯಂತ್ರಣ ವಲಯ), ಮನೆಯ ಮೂಲ ನಕ್ಷೆ ತನ್ನಿ ಅಂದರು. ಅಪ್ಪನ ಟ್ರಂಕಿನಲ್ಲಿ ಸಿಕ್ಕಿದ್ದು ಮನೆ ತೆರಿಗೆಯ ರಸೀದಿಗಳ ಕಟ್ಟು, ಜೊತೆಗೆ ನನ್ನ ಏಳನೇ ತರಗತಿಯ ಅಂಕಪಟ್ಟಿ. ನಕ್ಷೆ ಸಿಗಲಿಲ್ಲ.

ಅದಾದ ಮೇಲೆ ನಾನೇ ಓದಲು ಕೂತೆ. ನಿವೃತ್ತ ಮಾಸ್ತರನಿಗೆ ಬೇರೇನು ಕೆಲಸ? 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಪರವಾನಗಿ ಬೇಡದ ಕೆಲಸಗಳ ಪಟ್ಟಿಯೇ ಇದೆ. ಸುಣ್ಣಬಣ್ಣ, ಗಾರೆ, ನೆಲ, ಹಂಚು ಬದಲಿಸುವುದರ ಜೊತೆಗೆ ಕಿಟಕಿ, ಬಾಗಿಲು ತೆರೆಯುವುದು, ಮುಚ್ಚುವುದೂ ಅದರಲ್ಲಿದೆ. ಕಟ್ಟಡದ ಸಾಮಾನ್ಯ ನಿಯಮ ಮೀರಬಾರದು, ಬಲಕ್ಕೆ, ಬೆಂಕಿ ಸುರಕ್ಷತೆಗೆ ಧಕ್ಕೆ ಆಗಬಾರದು, ಅಷ್ಟೇ. ಆದರೆ ಸಂಹಿತೆ ಬರೀ ಸಲಹೆ. ನಡೆಯುವುದು ಸ್ಥಳೀಯ ಬೈಲಾ. ಇನ್ನು ಸಿಆರ್‌ಝಡ್. 2019ರ ಜನವರಿ 18ರ ಅಧಿಸೂಚನೆಯ ಪ್ರಕಾರ, ಹಳ್ಳಿಗಾಡಿನ ಕಡೆ ಏನೂ ಕಟ್ಟಬಾರದು ಅಂತ ಗುರುತಿಸಿದ ಜಾಗದಲ್ಲೂ ಮೊದಲಿನಿಂದ ಇರುವ ಅಧಿಕೃತ ಮನೆಯ ರಿಪೇರಿಗೆ ಅಡ್ಡಿ ಇಲ್ಲ. ತಳಪಾಯದ ಅಳತೆ ಜಾಸ್ತಿ ಆಗಬಾರದು. ಕಿಟಕಿ ಬದಲಿಸಿದರೆ ತಳಪಾಯ ಬೆಳೆಯುತ್ತದೆಯೇ?

ತೊಡಕು ಇರುವುದು ‘ಅಧಿಕೃತ’ ಎಂಬ ಒಂದು ಪದದಲ್ಲಿ. ಸಿಆರ್‌ಝಡ್ ಎಂಬ ಹೆಸರೇ ಹುಟ್ಟಿದ್ದು 1991ರಲ್ಲಿ. ಅದಕ್ಕೂ ಹನ್ನೆರಡು ವರ್ಷ ಹಿಂದಿನ ಮನೆ ಅಧಿಕೃತ ಅಂತ ಏನು ತೋರಿಸಬೇಕು? ನಲವತ್ತು ವರ್ಷದ ತೆರಿಗೆ ರಸೀದಿ ಸಾಕೇ, ಸಾಲದೇ? ಇದನ್ನು ಯಾರೂ ಹೇಳುವುದಿಲ್ಲ.

ಎಲ್ಲದಕ್ಕೂ ಬಿಟ್ಟುಬಿಡಿ ಅಂತ ನಾನು ಕೇಳುತ್ತಿಲ್ಲ. ಚಿರೇಕಲ್ಲಿನ ಗೋಡೆಯಲ್ಲಿ ಕಿಂಡಿ ಅಗಲ ಮಾಡುವುದು ಹುಡುಗಾಟ ಅಲ್ಲ. ಮೇಲಿನ ಗೋಡೆಯ ಭಾರ ಲಿಂಟಲ್ ಮೇಲೆ, ಅಂದರೆ ಕಿಂಡಿಯ ತಲೆಯ ಅಡ್ಡತೊಲೆಯ ಮೇಲೆ ಕೂತಿರುತ್ತದೆ. ಅದನ್ನು ಎಬ್ಬಿಸುವ ಮುಂಚೆ ಇಂಜಿನಿಯರ್ ನೋಡಲೇಬೇಕು. ಪಕ್ಕದ ಮನೆಯ ಬಚ್ಚಲ ಕಡೆ ಹೊಸ ಕಿಟಕಿ ತೆಗೆಯುವವನಿಗಂತೂ ಖಂಡಿತ ಪರವಾನಗಿ ಇರಲಿ! ನನ್ನ ಮಾತು ಇರುವ ಕಿಂಡಿಗೆ, ಇರುವ ಅಳತೆಗೆ ಹೊಸ ಕಿಟಕಿ ಕೂರಿಸುವುದರ ಬಗ್ಗೆ ಮಾತ್ರ.

ಒಂದು ಮಾತು ಸೇರಿಸುತ್ತೇನೆ, ಪರವಾನಗಿಗೆ ಸಂಬಂಧ ಇಲ್ಲದಿದ್ದರೂ. ಈಗ ಎಲ್ಲರೂ ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಜಾರುವ ಕಿಟಕಿ ಹಾಕಿಸುತ್ತಾರೆ. ತುಕ್ಕಿಲ್ಲ, ಒರಲೆ ಇಲ್ಲ, ನಿಜ. ಆದರೆ ಎರಡು ಪಡಿಯ ಜಾರುವ ಕಿಟಕಿ ತೆರೆದುಕೊಳ್ಳುವುದು ಅರ್ಧ ಮಾತ್ರ. ನಮ್ಮಂಥ ಒದ್ದೆ ಸೆಕೆಯ ಊರಿನಲ್ಲಿ ಗಾಳಿ ಬೆಳಕಿನ ಕಿಂಡಿ ಕೋಣೆಯ ನೆಲದ ಆರನೇ ಒಂದು ಭಾಗ ಇರಬೇಕು ಅನ್ನುತ್ತದೆ ಅದೇ ಸಂಹಿತೆ. 120 ಚದರ ಅಡಿಯ ಕೋಣೆಗೆ 20 ಚದರ ಅಡಿ. ಏಪ್ರಿಲ್‌ನಲ್ಲಿ ಕರೆಂಟು ಹೋದಾಗ ಈ ಲೆಕ್ಕ ಬೆವರಿನಲ್ಲೇ ಗೊತ್ತಾಗುತ್ತದೆ, ಅಲ್ವಾ?

ಜಿಲ್ಲೆಯ ಸಿಆರ್‌ಝಡ್ ಸಮಿತಿಗೆ ತಾವೇ ಅಧ್ಯಕ್ಷರು. ಅದರಲ್ಲಿ ಕರಾವಳಿಯ ಸಾಂಪ್ರದಾಯಿಕ ಸಮುದಾಯದ ಕನಿಷ್ಠ ಮೂವರು ಇರಬೇಕು. ಅವರ ಮನೆ ಕಿಟಕಿಗಳೂ ಹೀಗೇ ಇದ್ದಾವು, ಕೇಳಿ ನೋಡಿ. ಮಾಜಾಳಿಯಿಂದ ಭಟ್ಕಳದವರೆಗೆ ಎಲ್ಲ ಪಟ್ಟಣ ಕಚೇರಿ, ಪಂಚಾಯ್ತಿಗಳ ಗೋಡೆಗೆ ಒಂದು ಹಾಳೆ ಅಂಟಿಸಿ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಯಾವ ಕೆಲಸಕ್ಕೆ ಪರವಾನಗಿ ಬೇಕು, ಯಾವುದಕ್ಕೆ ಬೇಡ, ಹಳೆಯ ಮನೆಗೆ ಯಾವ ಕಾಗದ ನಡೆಯುತ್ತದೆ. ಜೊತೆಗೆ ನಾವು ಹಳೆ ಕಿಟಕಿಯ ಫೋಟೊ, ಅಳತೆ ಇಟ್ಟು ಒಂದು ತಿಳಿವಳಿಕೆ ಪತ್ರ ಕೊಡುತ್ತೇವೆ. ಕಚೇರಿಯವರು ಅದಕ್ಕೆ ಸೀಲು ಒತ್ತಿ ಒಂದು ಪ್ರತಿ ವಾಪಸು ಕೊಡಲಿ. ನಾಳೆ ಯಾರಾದರೂ ಬಂದು ಕೆಲಸ ನಿಲ್ಲಿಸಿ ಅಂದರೆ ತೋರಿಸಲು ಕೈಯಲ್ಲಿ ಒಂದು ಕಾಗದ ಇರುತ್ತದೆ. ಗೋಡೆಗೆ ತೂತು ಬಿದ್ದ ಮೇಲೆ, ಜೂನ್ ಮೊದಲ ವಾರದಲ್ಲಿ ಕೆಲಸ ನಿಂತರೆ ಏನು ಗತಿ ಅಂತ ತಾವೇ ಊಹಿಸಿ.

ಸಾಗವಾನಿ ಹಲಗೆ ತಂದು ಜಗಲಿಯಲ್ಲಿ ಪೇರಿಸಿ ಎರಡು ತಿಂಗಳಾಯಿತು. ಅದರ ಬಿಲ್ಲು, ಅರಣ್ಯ ಇಲಾಖೆಯ ಪಾಸು ಎರಡೂ ಇವೆ, ಯಾರಾದರೂ ಕೇಳಿದರೆ ಇರಲಿ ಅಂತ ಅಪ್ಪನ ಟ್ರಂಕಿಗೇ ಸೇರಿಸಿದ್ದೇನೆ. ಮೇ 15ರ ಒಳಗೆ ಹೇಳದಿದ್ದರೆ ದೀಪಾವಳಿ ಕಳೆದ ಮೇಲೇ ಬರುವುದು ಅಂತ ಆಚಾರಿ ಹೇಳಿ ಹೋಗಿದ್ದಾರೆ. ಆಯಿ ಆ ಹಲಗೆಗಳ ಮೇಲೆ ಹಲಸಿನ ಹಪ್ಪಳದ ಡಬ್ಬ ಇಡಲು ಶುರು ಮಾಡಿದ್ದಾಳೆ.

ಇಂತಿ ತಮ್ಮ ವಿಶ್ವಾಸಿ,
ಕರಾವಳಿಯ ಒಬ್ಬ ನಿವೃತ್ತ ಮಾಸ್ತರ