ಈಟಿ ಹಿಡಿದು ನಿಂತವರ ಸಿನಿಮಾ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಹಿಟ್ಲರ್ ಪೋಲೆಂಡನ್ನು ನುಂಗಿದ ಕಥೆ ಇಟ್ಟುಕೊಂಡು ಯಾರಾದರೂ ಕಾಮಿಡಿ ಮಾಡುತ್ತಾರಾ, ಮಾಡಿದರೂ ಅದನ್ನು ನೋಡಿ ನಗೋದು ಸರೀನಾ ಅಂತ ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೆ ಉತ್ತರ ಬರೆಯುತ್ತಿದ್ದೇನೆ. ನಗಬಹುದು. ಹೊಟ್ಟೆ ಹಿಡಿದುಕೊಂಡು ನಗಬಹುದು. ಆದರೆ ಈ ಸಿನಿಮಾವನ್ನು ನೀನೇ ನೋಡಬೇಕು ಅಂತ ನಾನು ಹಟ ಹಿಡಿದಿರುವುದು ಬೇರೆ ಕಾರಣಕ್ಕೆ. ಇದು ಗೂಢಚಾರರ ಕಥೆ ಅನ್ನೋದಕ್ಕಿಂತ ಜಾಸ್ತಿ ನಾಟಕದವರ ಕಥೆ. ಅದರಲ್ಲೂ ನಿನ್ನ ಹಾಗೆ ವರ್ಷಗಟ್ಟಲೆ ಸಣ್ಣ ಸಣ್ಣ ಪಾತ್ರ ಮಾಡಿಕೊಂಡು ಬಂದವರ ಕಥೆ.

ಸಿನಿಮಾ 'ಟು ಬಿ ಆರ್ ನಾಟ್ ಟು ಬಿ'. 1942ರದ್ದು, ಕಪ್ಪು-ಬಿಳುಪು. ನಿರ್ದೇಶಕ ಅರ್ನ್‌ಸ್ಟ್ ಲೂಬಿಚ್. ಮೊದಲ ದೃಶ್ಯದಲ್ಲೇ, 1939ರ ಆಗಸ್ಟ್‌ನಲ್ಲಿ, ಪೋಲೆಂಡಿನ ರಾಜಧಾನಿ ವಾರ್ಸಾದ ಬೀದಿಯಲ್ಲಿ ಹಿಟ್ಲರ್ ಒಬ್ಬನೇ ನಿಂತಿರುತ್ತಾನೆ! ಜನ ಬೆಕ್ಕಸಬೆರಗಾಗಿ ಸುತ್ತುಗಟ್ಟುತ್ತಾರೆ. ಯುದ್ಧ ಇನ್ನೂ ಶುರುವೇ ಆಗಿಲ್ಲ, ಇವನು ಇಲ್ಲಿಗೆ ಹೇಗೆ ಬಂದ? ನೋಡಿದರೆ ಅವನು ಬ್ರಾನ್ಸ್ಕಿ ಅನ್ನುವ ನಟ. ಅವರ ತಂಡ 'ಗೆಸ್ಟಾಪೊ' (ಹಿಟ್ಲರನ ರಹಸ್ಯ ಪೊಲೀಸರ ಹೆಸರು) ಅಂತ ಒಂದು ನಾಟಕದ ರಿಹರ್ಸಲ್ ಮಾಡುತ್ತಿರುತ್ತದೆ. ನಿನ್ನನ್ನು ನೋಡಿದರೆ ಹಿಟ್ಲರ್ ಅನ್ನಿಸೋದೇ ಇಲ್ಲ, ಮೀಸೆ ಇಟ್ಟ ಯಾರೋ ಒಬ್ಬ ಅನ್ನಿಸುತ್ತದೆ ಅಂತ ನಾಟಕದ ನಿರ್ದೇಶಕ ಅಂದಿದ್ದಕ್ಕೆ, ಜನ ನಂಬುತ್ತಾರೋ ಇಲ್ಲವೋ ನೋಡೇಬಿಡೋಣ ಅಂತ ಬೀದಿಗೆ ಇಳಿದಿರುತ್ತಾನೆ. ಎಲ್ಲರೂ ನಂಬುತ್ತಾರೆ. ಒಬ್ಬಳು ಪುಟ್ಟ ಹುಡುಗಿ ಮಾತ್ರ ಮುಂದೆ ಬಂದು, ಬ್ರಾನ್ಸ್ಕಿ ಅವರೇ, ಒಂದು ಆಟೋಗ್ರಾಫ್ ಕೊಡ್ತೀರಾ ಅಂತ ಕೇಳುತ್ತಾಳೆ.

ನೀನು ಬಣ್ಣ ಹಚ್ಚಿದವನು. ಆ ಕ್ಷಣದ ಖುಷಿ, ಸಂಕಟ ಎರಡೂ ನಿನಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಾಗುತ್ತದೆ.

ಕಥೆ ಪೂರ್ತಿ ಹೇಳಲ್ಲ. ಜರ್ಮನ್ನರು ವಾರ್ಸಾಗೆ ನುಗ್ಗುತ್ತಾರೆ, ಥಿಯೇಟರ್ ಮುಚ್ಚುತ್ತದೆ. ಇತ್ತ ಇಂಗ್ಲೆಂಡಿನಲ್ಲಿ ಪೋಲಿಷ್ ಪೈಲಟ್‌ಗಳ ನಡುವೆ ಸಿಲೆಟ್ಸ್ಕಿ ಅನ್ನುವ ಪ್ರೊಫೆಸರ್ ಒಬ್ಬ ಓಡಾಡಿಕೊಂಡಿರುತ್ತಾನೆ. ಗುಟ್ಟಾಗಿ ವಾರ್ಸಾಗೆ ಹೋಗುತ್ತಿದ್ದೇನೆ ಅಂತ ನಂಬಿಸಿ ಅವರಿಂದ ಮನೆಯವರ, ಗೆಳೆಯರ ಹೆಸರು ವಿಳಾಸ ಎಲ್ಲ ಬರೆಸಿಕೊಳ್ಳುತ್ತಾನೆ. ಸೊಬಿನ್ಸ್ಕಿ ಅನ್ನುವ ಪೈಲಟ್ ಮಾತ್ರ ಅದೇ ನಾಟಕ ತಂಡದ ಹೆಸರಾಂತ ನಟಿ ಮರಿಯಾ ಟುರಾಗೆ ಒಂದು ಸಂದೇಶ ಮುಟ್ಟಿಸಿ ಅನ್ನುತ್ತಾನೆ. ಆ ಹೆಸರು ಪ್ರೊಫೆಸರಿಗೆ ಗೊತ್ತೇ ಇಲ್ಲ. ವಾರ್ಸಾದವನು ಅಂತ ಹೇಳಿಕೊಳ್ಳುವವನಿಗೆ ಮರಿಯಾ ಟುರಾ ಗೊತ್ತಿಲ್ಲವಾ? ಅಲ್ಲಿಗೆ ಗುಟ್ಟು ರಟ್ಟು, ಅವನು ಜರ್ಮನ್ನರ ಗೂಢಚಾರ. ಒಬ್ಬ ನಟಿಯ ಹೆಸರು ಕೇಳಿಲ್ಲ ಅನ್ನುವ ಕಾರಣಕ್ಕೆ ಗೂಢಚಾರ ಸಿಕ್ಕಿಬೀಳುವ ಕಥೆಯನ್ನು ನಾಟಕವನ್ನು ಪ್ರೀತಿಸುವವರು ಮಾತ್ರ ಬರೆಯೋಕೆ ಸಾಧ್ಯ. ಆ ವಿಳಾಸಗಳು ಗೆಸ್ಟಾಪೊ ಕೈಗೆ ಸೇರುವ ಮೊದಲು ಅವನನ್ನು ತಡೆಯಬೇಕು. ನಟರ ಹತ್ತಿರ ಇರೋದು ಏನು? ರದ್ದಾದ ಆ ನಾಟಕದ ಜರ್ಮನ್ ಯೂನಿಫಾರ್ಮ್‌ಗಳು, ಸೆಟ್ಟು, ಅಂಟಿಸುವ ಗಡ್ಡ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಮರಿಯಾಳ ಗಂಡ ಜೋಸೆಫ್ ಟುರಾ, ತಂಡದ ನಾಯಕ ನಟ. ಜ್ಯಾಕ್ ಬೆನ್ನಿ ಆ ಪಾತ್ರ ಮಾಡಿದ್ದಾನೆ. ಅಮೆರಿಕದ ರೇಡಿಯೋದಲ್ಲಿ ದೊಡ್ಡ ಹೆಸರು, ಮಾತಿನ ನಡುವೆ ಸುಮ್ಮನಿದ್ದೇ ನಗಿಸುತ್ತಿದ್ದವನು. ಟುರಾ ಗೆಸ್ಟಾಪೊ ಕರ್ನಲ್ ಎರ್ಹಾರ್ಟ್ ವೇಷ ಹಾಕಿಕೊಂಡು ಥಿಯೇಟರಿನಲ್ಲೇ ಕಚೇರಿ ಕಟ್ಟಿಕೊಂಡು ಪ್ರೊಫೆಸರನ್ನು ಬರಮಾಡಿಕೊಳ್ಳುತ್ತಾನೆ. ಲಂಡನ್ನಿನಲ್ಲಿ ನಿಮ್ಮನ್ನು ಕಾನ್ಸಂಟ್ರೇಷನ್ ಕ್ಯಾಂಪ್ (ನಾಜಿಗಳು ಜನರನ್ನು ಕೂಡಿಹಾಕಿ ಹಿಂಸಿಸುತ್ತಿದ್ದ ಶಿಬಿರ) ಎರ್ಹಾರ್ಟ್ ಅಂತ ಕರೀತಾರೆ ಅನ್ನುತ್ತಾನೆ ಪ್ರೊಫೆಸರ್. ಟುರಾ ಗಹಗಹಿಸಿ ನಗುತ್ತಾ, ಓಹೋ, ನನ್ನನ್ನು ಹಾಗೆ ಕರೀತಾರಾ ಅನ್ನುತ್ತಾನೆ. ಮುಂದೆ ಏನು ಮಾತಾಡಬೇಕು ಗೊತ್ತಿಲ್ಲ, ಸ್ಕ್ರಿಪ್ಟ್ ಇಲ್ಲ. ಮತ್ತೆ ಅದನ್ನೇ ಅನ್ನುತ್ತಾನೆ. ಮತ್ತೆ ಅದನ್ನೇ. ಮಾತು ಮರೆತ ನಟ ವೇದಿಕೆ ಮೇಲೆ ಒದ್ದಾಡುವುದನ್ನು ನಾವು ಎಷ್ಟು ಸಲ ನೋಡಿಲ್ಲ? ಇಲ್ಲಿ ತಪ್ಪಿದರೆ ಹೋಗುವುದು ಪ್ರಾಣ. ಆಮೇಲೆ ಇದೇ ಟುರಾ ಪ್ರೊಫೆಸರ್ ವೇಷದಲ್ಲಿ ನಿಜವಾದ ಎರ್ಹಾರ್ಟ್ ಮುಂದೆ ಹೋಗಿ ಕೂರಬೇಕಾಗುತ್ತದೆ, ಅದೇ ಮಾತು ಹೇಳುತ್ತಾನೆ, ಆ ಎರ್ಹಾರ್ಟ್ ಕೂಡ ಅದೇ ನಗು ನಕ್ಕು ಅದೇ ಮಾತನ್ನು ಅಷ್ಟೇ ಖುಷಿಯಿಂದ ಅನ್ನುತ್ತಾನೆ! ಟುರಾ ಮಾಡಿದ ಪಾತ್ರ ಅಷ್ಟು ಸರಿಯಾಗಿತ್ತು.

ಅದೇ ದೃಶ್ಯದಲ್ಲಿ ಟುರಾಗೆ ಒಂದು ಆಸೆ. ಗೆಸ್ಟಾಪೊ ಕಚೇರಿಯಲ್ಲಿ, ಸುಳ್ಳು ಗಡ್ಡ ಅಂಟಿಸಿಕೊಂಡು ಕೂತಿದ್ದರೂ, ಆ ಮಹಾನ್ ನಟ ಜೋಸೆಫ್ ಟುರಾ ಗೊತ್ತಾ ಅಂತ ಕೇಳದೆ ಇರೋಕೆ ಅವನಿಂದ ಆಗಲ್ಲ. ಎರ್ಹಾರ್ಟ್ ಒಮ್ಮೆ ಅವನ ನಾಟಕ ನೋಡಿರುತ್ತಾನೆ. ಅವನು ಷೇಕ್ಸ್‌ಪಿಯರಿಗೆ ಮಾಡಿದ್ದನ್ನೇ ನಾವೀಗ ಪೋಲೆಂಡಿಗೆ ಮಾಡುತ್ತಿದ್ದೇವೆ ಅಂದುಬಿಡುತ್ತಾನೆ. ಈ ಒಂದು ಮಾತಿಗೆ ಆಗ ದೊಡ್ಡ ಗಲಾಟೆಯೇ ಆಯಿತು. ಆಪ್ತರೇ ತೆಗೆದುಬಿಡು ಅಂದರೂ ಲೂಬಿಚ್ ತೆಗೆಯಲಿಲ್ಲ. 'ನ್ಯೂಯಾರ್ಕ್ ಟೈಮ್ಸ್'ನ ವಿಮರ್ಶಕ ಬಾಸ್ಲಿ ಕ್ರೌದರ್ ಸಿನಿಮಾವನ್ನೇ ಕಟುವಾಗಿ ಬೈದು ಬರೆದ. ನನಗೆ ಲೂಬಿಚ್ ಮಾಡಿದ್ದೇ ಸರಿ ಅನ್ನಿಸುತ್ತದೆ. ಒಂದು ದೇಶವನ್ನು ಸುಡುತ್ತಿರುವವನಿಗೆ ಅದು ಊಟದ ನಂತರ ಹೇಳುವ ಜೋಕಿನಷ್ಟೇ ಸಣ್ಣ ವಿಷಯ. ಅದನ್ನು ಅವನ ಬಾಯಿಂದಲೇ ಕೇಳಬೇಕು.

ನಿನ್ನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಈ ಸಿನಿಮಾ ನೋವು ತಿಂದವರನ್ನು ನೋಡಿ ಎಲ್ಲೂ ನಗುವುದಿಲ್ಲ. ನಗುವುದು ಎರ್ಹಾರ್ಟ್‌ನನ್ನು ನೋಡಿ. ಅವನು ತಾನೇ ತಪ್ಪು ಮಾಡಿ 'ಶುಲ್ಟ್ಸ್' ಅಂತ ಕೈಕೆಳಗಿನವನ ಮೇಲೆ ಕೂಗಾಡುತ್ತಾನೆ, ಮೇಲಿನವರಿಗೆ ಹೆದರಿ ಬೆವರುತ್ತಾನೆ, ಸಹಿ ಹಾಕಿದರೆ ಜನ ಸಾಯುತ್ತಾರೆ. ಆ ಕ್ರೌರ್ಯ ಎಂಥ ಸಾಧಾರಣ ಮನುಷ್ಯರ ಕೈಯಲ್ಲಿತ್ತು ಅಂತ ಗೊತ್ತಾಗುವುದೇ ಭಯ ಹುಟ್ಟಿಸುತ್ತದೆ. ಇದನ್ನು ಮಾಡಿದವರು ಯಾರು ಅನ್ನುವುದನ್ನೂ ನೋಡು. ಲೂಬಿಚ್ ಬರ್ಲಿನ್ನಿನ ಯಹೂದಿ. 1922ರಲ್ಲೇ ಹಾಲಿವುಡ್‌ಗೆ ಬಂದವನು. ನಾಜಿಗಳು 1935ರಲ್ಲಿ ಅವನ ಜರ್ಮನ್ ಪೌರತ್ವ ಕಿತ್ತುಕೊಂಡರು, ಯಹೂದಿಗಳನ್ನು ಹೀಯಾಳಿಸುವ ಪ್ರಚಾರದ ಚಿತ್ರದಲ್ಲಿ ಅವನ ಮುಖವನ್ನು ತೋರಿಸಿದರು. ಸಿನಿಮಾದ ಶೂಟಿಂಗ್ ನಡೆಯುತ್ತಿದ್ದಾಗಲೇ, 1941ರ ಡಿಸೆಂಬರ್ 7ರಂದು, ಪರ್ಲ್ ಹಾರ್ಬರ್ ಮೇಲೆ ದಾಳಿಯಾಗಿ ಅಮೆರಿಕ ಯುದ್ಧಕ್ಕೆ ಇಳಿಯಿತು. ಯಾರು ಗೆಲ್ಲುತ್ತಾರೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಜ್ಯಾಕ್ ಬೆನ್ನಿಯ ಅಪ್ಪ ಮಗನನ್ನು ನಾಜಿ ಯೂನಿಫಾರ್ಮಿನಲ್ಲಿ ನೋಡಿದ ತಕ್ಷಣ ಥಿಯೇಟರಿನಿಂದ ಎದ್ದು ಹೋದರಂತೆ. ಆಮೇಲೆ ಮಗ ವಿವರಿಸಿದ ಮೇಲೆ ವಾಪಸ್ ಬಂದು ನೋಡಿ, ಪದೇ ಪದೇ ನೋಡಿದರಂತೆ.

ಮರಿಯಾ ಪಾತ್ರದ ಕರೋಲ್ ಲೊಂಬಾರ್ಡ್ ಬಗ್ಗೆ ಬರೆಯುವುದು ಕಷ್ಟ. ಎಷ್ಟು ಹಗುರವಾಗಿ, ಎಷ್ಟು ಜಾಣತನದಿಂದ ಆಡಿದ್ದಾಳೆ! ಯುದ್ಧಕ್ಕಾಗಿ ಬಾಂಡ್ ಮಾರಲು ಇಂಡಿಯಾನಾಗೆ ಹೋದವಳು ವಾಪಸ್ ಬರುವಾಗ 1942ರ ಜನವರಿ 16ರಂದು ಲಾಸ್ ವೇಗಸ್ ಹತ್ತಿರ ವಿಮಾನ ಬಿದ್ದು ತೀರಿಕೊಂಡಳು. ಬರೀ 33 ವರ್ಷ. ಸಿನಿಮಾ ಜನರ ಮುಂದೆ ಬರುವ ಹೊತ್ತಿಗೆ ಆಕೆ ಇರಲಿಲ್ಲ. ವಿಮಾನದಲ್ಲಿ ಏನಾಗಿಬಿಡುತ್ತೆ ಅಂತ ಸಿನಿಮಾದಲ್ಲಿ ಅವಳದೇ ಒಂದು ಮಾತಿತ್ತು, ಅದನ್ನು ತೆಗೆದುಹಾಕಿದರು.

ಇನ್ನು ಗ್ರೀನ್‌ಬರ್ಗ್. ಇವನಿಗಾಗಿಯೇ ನಿನಗೆ ಬರೆಯಲು ಕೂತಿದ್ದು. ಇವನೂ ಬ್ರಾನ್ಸ್ಕಿಯೂ 'ಹ್ಯಾಮ್ಲೆಟ್'ನಲ್ಲಿ ಈಟಿ ಹಿಡಿದು ನಿಲ್ಲುವವರು. ಒಂದು ದಿನವಾದರೂ ಷೇಕ್ಸ್‌ಪಿಯರನ 'ಮರ್ಚೆಂಟ್ ಆಫ್ ವೆನಿಸ್' ನಾಟಕದ ಯಹೂದಿ ಸಾಹುಕಾರ ಶೈಲಾಕ್ ಪಾತ್ರ ಮಾಡಬೇಕು ಅನ್ನುವುದು ಇವನ ಜೀವಮಾನದ ಆಸೆ. ಮೊದಲು ರಂಗದ ಹಿಂದೆ, ವೇಷದಲ್ಲೇ, ಗೆಳೆಯನಿಗೆ ಆ ಸಾಲುಗಳನ್ನು ಹೇಳಿ ತೋರಿಸುತ್ತಾನೆ. ಆಮೇಲೆ ಹಾಳುಬಿದ್ದ ವಾರ್ಸಾದಲ್ಲಿ, ಹಿಮದ ನಡುವೆ. ನಮ್ಮನ್ನು ಚುಚ್ಚಿದರೆ ರಕ್ತ ಬರಲ್ಲವೇ ಅನ್ನುವ ಅದೇ ಸಾಲುಗಳು, ಆದರೆ ಈಗ ಅವು ನಾಟಕದ ಮಾತಾಗಿ ಉಳಿದಿಲ್ಲ. ಮೂರನೇ ಸಲ ಎಲ್ಲಿ, ಯಾರ ಮುಂದೆ ಹೇಳುತ್ತಾನೆ ಅನ್ನುವುದನ್ನು ನೀನೇ ನೋಡು. ಫೆಲಿಕ್ಸ್ ಬ್ರೆಸಾರ್ಟ್ ಅನ್ನುವ ನಟ, 1933ರಲ್ಲಿ ನಾಜಿಗಳು ಬಂದ ಮೇಲೆ ಜರ್ಮನಿ ಬಿಟ್ಟು ಹೋಗಬೇಕಾದ ಯಹೂದಿ. ಅವನ ದನಿ ಕೇಳಿದರೆ ಮೈ ಜುಂ ಅನ್ನುತ್ತದೆ. ಲೂಬಿಚ್ ಕೂಡ ಹುಡುಗನಾಗಿದ್ದಾಗ ಬರ್ಲಿನ್ನಿನಲ್ಲಿ ಹೆಸರಾಂತ ರಂಗನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ ತಂಡದಲ್ಲಿ ಸಣ್ಣ ಪುಟ್ಟ ಪಾತ್ರ ಮಾಡಿಕೊಂಡಿದ್ದವನೇ. ಹಾಗಾಗಿಯೇ ಇರಬೇಕು, ಇಡೀ ಕಥೆಯ ಜೀವ ನಿಂತಿರುವುದು ನಾಯಕ ನಟನ ಮೇಲಲ್ಲ, ಆ ಈಟಿ ಹಿಡಿದವನ ಮೇಲೆ.

ಒಂದೂ ಮುಕ್ಕಾಲು ಗಂಟೆಯೂ ಇಲ್ಲ. ಮೊಬೈಲಿನಲ್ಲಿ ತುಂಡು ತುಂಡಾಗಿ ನೋಡಬೇಡ, ದಯವಿಟ್ಟು. ಮೊದಲ ಅರ್ಧ ಗಂಟೆಯಲ್ಲಿ ಬರುವ ಸಣ್ಣ ಸಣ್ಣ ಮಾತುಗಳೆಲ್ಲ ಆಮೇಲೆ ಬೇರೆ ಅರ್ಥದಲ್ಲಿ ವಾಪಸ್ ಬರುತ್ತವೆ, ಒಂದನ್ನೂ ಬಿಡಬೇಡ. ನೋಡಿದ ಮೇಲೆ ಎರಡು ಎರ್ಹಾರ್ಟ್‌ಗಳಲ್ಲಿ ಯಾರು ಚೆನ್ನಾಗಿ ನಕ್ಕರು ಅಂತ ಬರಿ. ನನ್ನ ಓಟು ಟುರಾಗೆ.

ನಿನ್ನ ಗೆಳೆಯ