ಇಳಿಯೋದು ಸುಲಭ, ಪುಟ್ಟಾ

ಚಿ|| ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಜುಲೈನಲ್ಲಿ ಗೆಳೆಯರ ಜೊತೆ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಗೆ ಹೊರಟಿದ್ದೀಯಂತೆ. ಬೆಳಿಗ್ಗೆ ಇಳಿದು, ಕೊಲರಾಡೋ ನದಿಯಲ್ಲಿ ಕಾಲು ಅದ್ದಿ, ಸಂಜೆಗೆ ಮೇಲೆ ಬರುವ ಪ್ಲ್ಯಾನ್ ಅಂತ ನಿಮ್ಮಮ್ಮ ಫೋನಿನಲ್ಲಿ ಖುಷಿಯಿಂದ ಹೇಳಿದಳು. ಅವಳಿಗೇನು ಗೊತ್ತು, ಪಾಪ. ಹೋಗಬೇಡ ಅನ್ನುವುದಿಲ್ಲ. ಆ ನದಿಯ ಆಸೆ ಮಾತ್ರ ಈ ಸಲ ಬಿಟ್ಟುಬಿಡು.

ಕುಮಾರಪರ್ವತ ಹತ್ತಿದವನಿಗೆ ಇದೇನು ಮಹಾ ಅಂತೀಯ, ಅಲ್ವಾ? ಮೋಸ ಇರುವುದೇ ಅಲ್ಲಿ. ಕುಮಾರಪರ್ವತದಲ್ಲಿ ಮೊದಲು ಹತ್ತುತ್ತೀಯ. ಸುಸ್ತಾದರೆ ಭಟ್ಟರ ಮನೆಯಿಂದಲೇ ವಾಪಸ್ ಬರಬಹುದು, ಹೇಗೂ ಇಳಿಜಾರು. ಇಲ್ಲಿ ಎಲ್ಲ ಉಲ್ಟಾ. ಬೆಳಗಿನ ತಂಪಿನಲ್ಲಿ ಇಳಿಯುವಾಗ ಕಾಲು ತಾನಾಗಿ ಓಡುತ್ತದೆ. ಹತ್ತುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ, ಮಂಡಿ ಸೋತಿರುತ್ತದೆ. ಇಳಿಯಲು ಒಂದು ಗಂಟೆ ಹಿಡಿದರೆ ಹತ್ತಲು ಎರಡು ಅಂತ ಲೆಕ್ಕ ಇಟ್ಟುಕೋ.

ಮೇಲಿನ ಸೌತ್ ರಿಮ್, ಅಂದರೆ ಕಣಿವೆಯ ದಕ್ಷಿಣದ ಅಂಚು, ಸುಮಾರು 7,000 ಅಡಿ ಎತ್ತರದಲ್ಲಿದೆ. ಅಲ್ಲಿ 29 ಡಿಗ್ರಿ ಇರುವ ಮಧ್ಯಾಹ್ನ ಕೆಳಗೆ ನದಿಯ ಹತ್ತಿರ ನೆರಳಿನಲ್ಲೇ 41 ಇರುತ್ತದೆ. ತಳದ ಕಪ್ಪು ಕಲ್ಲಿಗೆ ವಿಷ್ಣು ಶಿಸ್ಟ್ ಅಂತ ಹೆಸರು, ಸುಮಾರು 170 ಕೋಟಿ ವರ್ಷ ಹಳೆಯದು. ಬ್ರಹ್ಮ, ವಿಷ್ಣು, ಶಿವ ಮೂವರ ಹೆಸರಿನ ಶಿಖರಗಳೂ ಇವೆ. ಅಜ್ಜಿಗೆ ಹೇಳಿದಾಗ ಕೂತಲ್ಲೇ ಕೈ ಮುಗಿದಿದ್ದರು. ಹೆಸರೇನೋ ದೇವರದ್ದು, ಮಧ್ಯಾಹ್ನ ಆ ಕಲ್ಲು ಕಾದ ಕಾವಲಿ.

ನನಗೂ ಇದು ಪೆಟ್ಟು ತಿಂದ ಮೇಲೇ ಗೊತ್ತಾಗಿದ್ದು. ಅಮೆರಿಕಕ್ಕೆ ಬಂದ ಹೊಸತರಲ್ಲಿ, ಜೂನ್ ತಿಂಗಳಲ್ಲಿ, ಬ್ರೈಟ್ ಏಂಜಲ್ ದಾರಿಯಲ್ಲಿ ಇಳಿದಿದ್ದೆವು. ಬೆವರೇ ಬರುತ್ತಿಲ್ಲ, ಪರವಾಗಿಲ್ಲ ಅಂದುಕೊಂಡೆ. ಮಂಗಳೂರಿನವರಿಗೆ ಬೆವರು ಅಂದರೆ ರವಿಕೆ ತೊಯ್ಯಬೇಕು. ಇಲ್ಲಿಯ ಒಣಗಾಳಿ ಅದನ್ನು ಬಂದ ಹಾಗೇ ಆರಿಸಿಬಿಡುತ್ತದೆ. ದೊಡ್ಡಪ್ಪನ ಕಪ್ಪು ಟೀಶರ್ಟಿನ ಬೆನ್ನ ಮೇಲೆ ಬಿಳಿ ಗೆರೆಗಳು ಕಂಡವು. ಮುಟ್ಟಿ ನೋಡಿದರೆ ಉಪ್ಪು! ಹೆದರಿ ಒಂದಾದ ಮೇಲೊಂದು ಬಾಟಲಿ ಬರೀ ನೀರು ಕುಡಿದೆ. ತಲೆ ಸಿಡಿಯಿತು, ವಾಂತಿಯಾಯಿತು. ಏನೂ ತಿನ್ನದೆ ನೀರನ್ನಷ್ಟೇ ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ಇಳಿದು ಅದೂ ಪ್ರಾಣಕ್ಕೆ ಬರಬಹುದು. ದಾರಿಯಲ್ಲಿ ಸಿಕ್ಕ ರೇಂಜರ್ ಹುಡುಗಿ ನನ್ನನ್ನು ನೆರಳಲ್ಲಿ ಕೂರಿಸಿ ಉಪ್ಪು ಬಿಸ್ಕತ್ತು ತಿನ್ನಿಸಿದಳು. ಬಿಸಿಲು ಇಳಿಯುವವರೆಗೆ ಏಳಲು ಬಿಡಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಬೆಳಕು ಹರಿಯುವಾಗ ಇಳಿ, ಹತ್ತು ಗಂಟೆಯೊಳಗೆ ಮೇಲಿರು. 10ರಿಂದ 4ರವರೆಗೆ ಕೆಳಗೆ ನಡೆಯಬೇಡಿ ಅಂತ ಪಾರ್ಕಿನವರೇ ಹೇಳುತ್ತಾರೆ. ಬ್ರೈಟ್ ಏಂಜಲ್‌ನಲ್ಲಿ ಒಂದೂವರೆ ಮೈಲಿಗೆ ಸಿಗುವ ಕಲ್ಲುಮನೆಯವರೆಗೆ ಹೋದರೆ ಸಾಕು. ಬೇಸಿಗೆಯಲ್ಲಿ ಅಲ್ಲಿ ನಲ್ಲಿ ನೀರಿರುತ್ತದೆ. ಆದರೆ ಹಳೇ ಪೈಪು ಆಗಾಗ ಒಡೆಯುತ್ತದೆ, ಹಿಂದಿನ ದಿನ ವಿಚಾರಿಸಿಕೋ. ಅಂಗಿ, ಟೋಪಿ ನೆನೆಸಿಯೇ ಹಾಕಿಕೋ. ಸೌತ್ ಕೈಬಾಬ್ ದಾರಿಯಲ್ಲಿ ಹನಿ ನೀರಿಲ್ಲ. ಫೋಟೋ ಚೆನ್ನಾಗಿ ಬರುತ್ತದೆ ಅಂತ ಸುಮ್ನೆ ಆ ಕಡೆ ತಿರುಗಬೇಡ. ಜೊತೆಯವನು ತೂರಾಡಿದರೆ, ಏನೇನೋ ಮಾತಾಡಿದರೆ, ಅದು ಬರೀ ಸುಸ್ತಲ್ಲ. ನೆರಳಿಗೆ ಎಳೆದು ಮೈಮೇಲೆಲ್ಲ ನೀರು ಸುರಿ, ಇನ್ನೊಬ್ಬನನ್ನು ಸಹಾಯಕ್ಕೆ ಓಡಿಸು. ಮೊಬೈಲ್ ನಂಬಬೇಡ, ಆ ಕಲ್ಲುಮನೆಯ ಹತ್ತಿರ ತುರ್ತು ಫೋನಿದೆ.

ಮರುದಿನ ಆಂಟಿಲೋಪ್ ಕ್ಯಾನಿಯನ್ ಅನ್ನುವ ಕಿರಿದಾದ ಕಲ್ಲಿನ ಕಮರಿಗೆ ಅಂತಲೂ ಕೇಳಿದೆ. ಮಳೆಗಾಲ ಅದು. 1997ರ ಆಗಸ್ಟ್‌ನಲ್ಲಿ ಎಲ್ಲೋ ದೂರದಲ್ಲಿ ಸುರಿದ ಮಳೆ ಆ ಇಕ್ಕಟ್ಟಿನಲ್ಲಿ 11 ಜನರನ್ನು ಕೊಚ್ಚಿಕೊಂಡು ಹೋಯಿತು. ಇವತ್ತು ಒಳಗೆ ಹೋಗುವುದು ಬೇಡ ಅಂತ ಗೈಡ್ ಹೇಳಿದರೆ ಜಗಳ ಆಡದೆ ವಾಪಸ್ ಬಾ.

ಹಿಂದಿನ ರಾತ್ರಿ ಎಲ್ಲರೂ ಫ್ಲ್ಯಾಗ್‌ಸ್ಟಾಫಿಗೆ, ನಮ್ಮನೆಗೇ ಬಂದುಬಿಡಿ. ಮೂರು ಗಂಟೆಗೆ ನಾನೇ ಎಬ್ಬಿಸುತ್ತೇನೆ. ನಿಪ್ಪಟ್ಟು, ಉಪ್ಪುಗಡಲೆ, ಓಆರ್‌ಎಸ್ ಪುಡಿ ಕಟ್ಟಿಡುತ್ತೇನೆ. ಡಬ್ಬಿ ತೆರೆದಿಟ್ಟು ಸೆಲ್ಫಿಗೆ ನಿಲ್ಲಬೇಡ. ಅಲ್ಲಿಯ ಅಳಿಲುಗಳು ಕಳೆದ ಸಲ ದೊಡ್ಡಪ್ಪನ ಬ್ಯಾಗಿಗೇ ತೂತು ಕೊರೆದಿವೆ. ಎಷ್ಟು ಜನ ಬರುತ್ತೀರಿ ಅಂತ ಮೊದಲೇ ತಿಳಿಸು, ಹಾಸಿಗೆ ಹೊಂದಿಸಬೇಕು.

ನಿನ್ನ ದೊಡ್ಡಮ್ಮ