ಬೆಟ್ಟಿಂಗ್ ಹಣ: 10 ಲಕ್ಷದೊಳಗಿದ್ದರೆ ಬ್ಯಾಂಕಿಗೆ ಕಾಣುವುದಿಲ್ಲವೇ?

ಮಾನ್ಯ ಸಂಪಾದಕರೇ,

ಐಪಿಎಲ್ ಆಗಲಿ, ವಿಶ್ವಕಪ್ ಆಗಲಿ, ಪಂದ್ಯಗಳು ಶುರುವಾದವೆಂದರೆ ವಿದೇಶಿ ಬೆಟ್ಟಿಂಗ್ ಆ್ಯಪ್‌ಗಳ ಏಜೆಂಟರು ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ಐಡಿ ಹಂಚತೊಡಗುತ್ತಾರೆ. ಜೊತೆಗೆ ಧೈರ್ಯದ ಮಾತೊಂದನ್ನೂ ಹಂಚುತ್ತಾರೆ: ‘10 ಲಕ್ಷದೊಳಗೆ ಆಡಿ, ಬ್ಯಾಂಕಿನವರು ಯಾರಿಗೂ ವರದಿ ಮಾಡುವುದಿಲ್ಲ.’ ಕಾಲೇಜು ಹುಡುಗರು ಮಾತ್ರವಲ್ಲ, ಅಂಗಡಿ ನಡೆಸುವವರು, ಸಂಬಳದಾರರು ಕೂಡ ಇದನ್ನು ನಂಬಿದ್ದಾರೆ. ಇದು ಸುಳ್ಳು. ನಂಬಿದವರ ಖಾತೆಗೆ ಬೀಗ ಬೀಳುವವರೆಗೂ ಅದು ಸುಳ್ಳೆಂದು ಗೊತ್ತಾಗುವುದಿಲ್ಲ.

10 ಲಕ್ಷ ರೂಪಾಯಿಯ ಮಿತಿ ಇರುವುದು ನಗದಿಗೆ. ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಅಡಿ 2005ರಲ್ಲಿ ಬಂದ ನಿಯಮಗಳ ಪ್ರಕಾರ, 10 ಲಕ್ಷ ಮೀರಿದ ನಗದು ವಹಿವಾಟನ್ನು ಬ್ಯಾಂಕುಗಳು ಮರುತಿಂಗಳ 15ರೊಳಗೆ ದೆಹಲಿಯ ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸಬೇಕು. ಒಂದೇ ತಿಂಗಳಲ್ಲಿ ಒಂದಕ್ಕೊಂದು ಸಂಬಂಧವಿರುವ ಸಣ್ಣ ನಗದು ವಹಿವಾಟುಗಳು ಕೂಡಿ 10 ಲಕ್ಷ ದಾಟಿದರೂ ಇದೇ ನಿಯಮ. ಹಾಗಾಗಿ ಮೂರು ದಿನ ಮೂರು ಮೂರು ಲಕ್ಷ, ನಾಲ್ಕನೇ ದಿನ ಎರಡು ಲಕ್ಷ ಕಟ್ಟಿದರೆ ತಪ್ಪಿಸಿಕೊಂಡಂತಾಗುವುದಿಲ್ಲ. ಬೇಕೆಂದೇ ಒಡೆದು ಕಟ್ಟಿದ್ದು ಎಂಬುದೇ ಇನ್ನೊಂದು ಅನುಮಾನಕ್ಕೆ ಕಾರಣವಾಗುತ್ತದೆ. ವಿದೇಶಕ್ಕೆ ಹೋಗುವ, ಅಲ್ಲಿಂದ ಬರುವ ಹಣದ ವರ್ಗಾವಣೆಗಾದರೆ ಮಿತಿ 5 ಲಕ್ಷ.

ಇವೆರಡಕ್ಕಿಂತ ಮುಖ್ಯವಾದದ್ದು ಮೂರನೆಯದು, ಶಂಕಾಸ್ಪದ ವಹಿವಾಟಿನ ವರದಿ. ಇದಕ್ಕೆ ಕನಿಷ್ಠ ಮೊತ್ತವೇ ಇಲ್ಲ. ನಗದು ಆಗಿರಬೇಕೆಂದೂ ಇಲ್ಲ. ವಹಿವಾಟು ಪೂರ್ತಿಯಾಗಿರಬೇಕೆಂದೂ ಇಲ್ಲ, ಪ್ರಯತ್ನ ನಡೆದಿದ್ದರೂ ಸಾಕು. ಖಾತೆದಾರನ ಆದಾಯಕ್ಕೆ ಹೊಂದದ, ಯಾವ ವ್ಯಾಪಾರದ ಉದ್ದೇಶವೂ ಕಾಣದ ಓಡಾಟ ಕಂಡರೆ ಬ್ಯಾಂಕು ವರದಿ ಕಳಿಸಲೇಬೇಕು, ಕಳಿಸಿದ್ದೇವೆಂದು ಗ್ರಾಹಕನಿಗೆ ಹೇಳಲೂಬಾರದು. ಕೌಂಟರಿನಲ್ಲಿರುವ ಸಿಬ್ಬಂದಿ ‘ನಮಗೇನೂ ಗೊತ್ತಿಲ್ಲ’ ಎಂದರೆ ಅದು ಉಡಾಫೆಯಲ್ಲ. ಅವರಿಗೆ ನಿಜಕ್ಕೂ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಹೇಳುವಂತಿಲ್ಲ.

ಹಾಗಾದರೆ ಆಡುವವನ ಹಣ ಹೋಗುವ ದಾರಿ ಯಾವುದು? ಕೆರಿಬಿಯನ್ ಸಮುದ್ರದ ಕುರಸಾವೊ ದ್ವೀಪದ ಪರವಾನಗಿ ತೋರಿಸುವ ಆ್ಯಪ್‌ಗೆ ಇಲ್ಲಿಂದ ನೇರವಾಗಿ ದುಡ್ಡು ಹೋಗುವುದು ಅಪರೂಪ. ‘ಡೆಪಾಸಿಟ್’ ಒತ್ತಿದರೆ ತೆರೆಯ ಮೇಲೆ ಒಂದು ಯುಪಿಐ ಐಡಿ, ಕ್ಯೂಆರ್ ಕೋಡ್ ಅಥವಾ ಯಾವುದೋ ‘ಟ್ರೇಡರ್ಸ್’ ಹೆಸರಿನ ಚಾಲ್ತಿ ಖಾತೆಯ ಸಂಖ್ಯೆ ಬರುತ್ತದೆ. ಹಣ ಕಳಿಸಿ, ಪಾವತಿಯ ಗುರುತಾದ 12 ಅಂಕಿಯ ಯುಟಿಆರ್ ಸಂಖ್ಯೆಯನ್ನೋ ಸ್ಕ್ರೀನ್‌ಶಾಟನ್ನೋ ಹಾಕಿದರೆ ಆ್ಯಪ್‌ನಲ್ಲಿ ‘ಪಾಯಿಂಟ್’ ಏರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಅದೇ ಜಾಗದಲ್ಲಿ ಬೇರೆ ಊರಿನ ಬೇರೆಯವರ ಖಾತೆ. ಹೆಸರು, ಊರು ಇಷ್ಟು ಬೇಗ ಬದಲಾಗುತ್ತಿವೆ ಎಂದರೆ ಅವು ದುಡ್ಡು ಕೊಟ್ಟು ಬೇರೆಯವರಿಂದ ಪಡೆದ ಬಾಡಿಗೆ ಖಾತೆಗಳು ಎಂದೇ ತಿಳಿಯಬೇಕು.

ಬ್ಯಾಂಕಿನ ಕಡೆಯಿಂದ ನೋಡಿದರೆ ಅಂಥ ಖಾತೆಯ ನಡಿಗೆ ಎದ್ದು ಕಾಣುತ್ತದೆ. ಖಾತೆ ತೆರೆದು ಕೆಲವು ವಾರ ಸುಮ್ಮನಿರುತ್ತದೆ. ಆಮೇಲೆ ಒಂದು ಸಂಜೆ ಐದಾರು ರಾಜ್ಯಗಳಿಂದ 500, 1,000, 2,000 ರೂಪಾಯಿಯ ನೂರಾರು ಜಮೆ. ಮೊತ್ತಗಳೆಲ್ಲ ದುಂಡು ಅಂಕಿ, ಹೆಚ್ಚಿನವು ಪಂದ್ಯದ ಹೊತ್ತಿನಲ್ಲಿ. ಒಟ್ಟುಗೂಡಿದ ಹಣ ನಿಮಿಷಗಳಲ್ಲಿ ಮತ್ತೊಂದು ಖಾತೆಗೆ, ಅಲ್ಲಿಂದ ಕ್ರಿಪ್ಟೊ ಅಥವಾ ಹವಾಲಾ ಮೂಲಕ ಹೊರಗೆ. ದಿನದ ಕೊನೆಗೆ ಉಳಿಯುವುದು ಪುಡಿಗಾಸು. ನಿಜವಾದ ಕಿರಾಣಿ ಅಂಗಡಿಯ ಖಾತೆಯಲ್ಲಿ ಸಗಟು ವ್ಯಾಪಾರಿಗೆ ಪಾವತಿ, ಕರೆಂಟ್ ಬಿಲ್, ಜಿಎಸ್‌ಟಿ ಇರುತ್ತವೆ. ಬಾಡಿಗೆ ಖಾತೆಯಲ್ಲಿ ಅವು ಯಾವುವೂ ಇರುವುದಿಲ್ಲ. ಈ ಲಕ್ಷಣಗಳನ್ನು ಯಂತ್ರದಿಂದಲೇ ಹುಡುಕುವ ಮ್ಯೂಲ್‌ಹಂಟರ್ ಎಂಬ ತಂತ್ರಾಂಶವನ್ನು ರೂಪಿಸಿದ್ದು ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನೊವೇಷನ್ ಹಬ್. 2024ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ಪ್ರಕಟಿಸಿತು.

ಈ ಜಾಲದ ವ್ಯಾಪ್ತಿ ಎಷ್ಟೆಂಬುದಕ್ಕೆ ಒಂದು ಉದಾಹರಣೆ. ಜಿಎಸ್‌ಟಿ ಗುಪ್ತಚರ ಮಹಾನಿರ್ದೇಶನಾಲಯವು 2025ರ ಮಾರ್ಚ್‌ನಲ್ಲಿ ಕೊಟ್ಟ ಮಾಹಿತಿಯಂತೆ, 357 ವಿದೇಶಿ ಗೇಮಿಂಗ್ ಜಾಲತಾಣಗಳನ್ನು ತಡೆಹಿಡಿಯಲಾಗಿತ್ತು. ಒಂದು ಪ್ರಕರಣದಲ್ಲಿ ಸುಮಾರು 2,000 ಬ್ಯಾಂಕ್ ಖಾತೆಗಳನ್ನು ಜಪ್ತಿ ಮಾಡಿದಾಗ ಸಿಕ್ಕಿದ್ದು ಬರೀ 4 ಕೋಟಿ ರೂಪಾಯಿ. ಅಂದರೆ ಖಾತೆಯೊಂದಕ್ಕೆ ಸರಾಸರಿ 20 ಸಾವಿರ. ಹೆಚ್ಚಾಗಿ ಹಣ ಅಲ್ಲಿ ನಿಲ್ಲುವುದಿಲ್ಲ, ಹಾದುಹೋಗುತ್ತದೆ. ಆದರೆ ಇನ್ನೊಂದು ಪ್ರಕರಣದಲ್ಲಿ 392 ಖಾತೆಗಳಿಂದ ಹಣ ತೆಗೆಯುವುದನ್ನು ತಡೆದಾಗ ಮೊತ್ತ 122.05 ಕೋಟಿ ಇತ್ತು.

ಈಗ ಆಡಿ ಗೆದ್ದವನ ಪಾಡು ನೋಡಿ. ‘ವಿತ್‌ಡ್ರಾ’ ಒತ್ತಿದಾಗ ಹಣ ಬರುವುದು ಇಂಥದೇ ಬಾಡಿಗೆ ಖಾತೆಯಿಂದ. ಷೇರು ಹೂಡಿಕೆ, ಪಾರ್ಟ್‌ಟೈಮ್ ಕೆಲಸ, ‘ಡಿಜಿಟಲ್ ಅರೆಸ್ಟ್’ ಎಂದೆಲ್ಲ ಜನರನ್ನು ವಂಚಿಸಿ ದೋಚಿದ ದುಡ್ಡು ಓಡಾಡುವುದೂ ಇಂಥ ಖಾತೆಗಳಲ್ಲೇ. ವಂಚನೆಗೊಳಗಾದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟ ಕೂಡಲೇ ಆ ಹಣ ಮೊದಲು ಹೋದ ಖಾತೆ, ಅಲ್ಲಿಂದ ಎರಡನೆಯದು, ಮೂರನೆಯದು ಎಂದು ಪೊಲೀಸರು ಸರಪಳಿ ಹಿಡಿದು ಹೋಗುತ್ತಾರೆ. ಹೀಗಾಗಿ ಹುಬ್ಬಳ್ಳಿಯಲ್ಲಿ ಕೂತು 3,000 ರೂಪಾಯಿ ಗೆದ್ದವನ ಖಾತೆಯನ್ನು ಗುಜರಾತಿನದೋ ತೆಲಂಗಾಣದ್ದೋ ಸೈಬರ್ ಠಾಣೆ ಸ್ಥಗಿತಗೊಳಿಸಬಹುದು. ಗೃಹಸಾಲದ ಕಂತು ಬೌನ್ಸ್ ಆಗುತ್ತದೆ, ಸಂಬಳ ಒಳಗೆ ಬರುತ್ತದೆ, ಹೊರಗೆ ಬರುವುದಿಲ್ಲ.

ಹಾಗಾದಾಗ ಶಾಖೆಯಲ್ಲಿ ಜಗಳವಾಡಿ ಪ್ರಯೋಜನವಿಲ್ಲ. ದೂರಿನ ಸ್ವೀಕೃತಿ ಸಂಖ್ಯೆ, ಯಾವ ರಾಜ್ಯದ ಯಾವ ಠಾಣೆ, ವಿವಾದಿತ ಮೊತ್ತ ಎಷ್ಟು, ಯಾವ ದಿನದ ಜಮೆ ಎಂಬ ನಾಲ್ಕು ವಿವರಗಳನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ಆ ಠಾಣೆಯ ತನಿಖಾಧಿಕಾರಿಗೆ ಖಾತೆಯ ವಿವರಪಟ್ಟಿಯೊಂದಿಗೆ ಬರೆದು, ವಿವಾದಿತ ಮೊತ್ತವನ್ನು ಮಾತ್ರ ಹಿಡಿದಿಟ್ಟು ಉಳಿದದ್ದನ್ನು ಬಿಡುವಂತೆ ಕೋರಬೇಕು. ‘ಗೆಳೆಯ ಸಾಲ ತೀರಿಸಿದ್ದು’ ಎಂಬ ಸುಳ್ಳು ಮಾತ್ರ ಬೇಡ. ಕಳಿಸಿದವನ ಖಾತೆಯ ಪೂರ್ತಿ ಜಾತಕ ಅವರ ಮುಂದಿರುತ್ತದೆ, ಒಂದು ಸುಳ್ಳು ಹೇಳಿದರೆ ಉಳಿದ ನಿಜವನ್ನೂ ಅವರು ನಂಬುವುದಿಲ್ಲ. ವಕೀಲರನ್ನು ಕಂಡೇ ಉತ್ತರ ಕೊಡುವುದು ಒಳ್ಳೆಯದು.

ಕೆಲವರು ‘ನೇರವಾಗಿ ವಿದೇಶಕ್ಕೇ ಕಳಿಸಿದರಾಯಿತಲ್ಲ, ವರ್ಷಕ್ಕೆ 2,50,000 ಡಾಲರ್‌ವರೆಗೆ ಅವಕಾಶವಿದೆ’ ಎನ್ನುತ್ತಾರೆ. ಆ ಅವಕಾಶ ಓದು, ಪ್ರವಾಸ, ಚಿಕಿತ್ಸೆ, ಹೂಡಿಕೆ ಮುಂತಾದವುಗಳಿಗೆ. ವಿದೇಶಿ ವಿನಿಮಯದ 2000ದ ನಿಯಮಗಳ ಮೊದಲ ಅನುಸೂಚಿಯಲ್ಲಿ ಲಾಟರಿ ಟಿಕೆಟ್, ಫುಟ್‌ಬಾಲ್ ಪೂಲ್, ಸ್ವೀಪ್‌ಸ್ಟೇಕ್ಸ್ ಮುಂತಾದ ಪಣದಾಟಗಳಿಗೆ ಹಣ ಕಳಿಸುವುದನ್ನು ಪೂರ್ತಿ ನಿಷೇಧಿಸಲಾಗಿದೆ. ಈ ನಿಷೇಧಕ್ಕೆ ಮೊತ್ತದ ಮಿತಿ ಇಲ್ಲ, ಕ್ರೆಡಿಟ್ ಕಾರ್ಡ್ ಬಳಸಿದರೂ ವಿನಾಯಿತಿ ಇಲ್ಲ. ವಿದೇಶಕ್ಕೆ ಹಣ ಕಳಿಸುವಾಗ ತುಂಬುವ ಎ2 ನಮೂನೆಯಲ್ಲಿ ‘ಸಾಫ್ಟ್‌ವೇರ್ ಖರೀದಿ’ ಎಂದು ಬರೆದರೆ ಸುಳ್ಳು ಘೋಷಣೆಯೂ ಸೇರಿಕೊಳ್ಳುತ್ತದೆ. ದಂಡ ಆ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು.

ನನಗೆ ಹೆಚ್ಚು ಸಂಕಟವಾಗುವುದು ಖಾತೆ ಬಾಡಿಗೆಗೆ ಕೊಡುವ ಹುಡುಗರನ್ನು ಕಂಡು. ಕೆಲವು ಸಾವಿರಕ್ಕೆ ಪಾಸ್‌ಬುಕ್, ಎಟಿಎಂ ಕಾರ್ಡ್, ಚೆಕ್‌ಬುಕ್, ಜೊತೆಗೆ ಒಟಿಪಿ ಬರುವ ಸಿಮ್ ಎಲ್ಲವನ್ನೂ ‘ಕಿಟ್’ ಎಂದು ಕಟ್ಟಿ ಕೊಟ್ಟುಬಿಡುತ್ತಾರೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ ಆಡುವವನಿಗೆ ಶಿಕ್ಷೆ ಹೇಳಿಲ್ಲ. ಆದರೆ ಹಣದಾಟಕ್ಕೆ ಹಣ ಸಂದಾಯವಾಗಲು ನೆರವಾದವರು ಬ್ಯಾಂಕಾಗಲಿ, ಬೇರೆ ಯಾವ ವ್ಯಕ್ತಿಯಾಗಲಿ, 3 ವರ್ಷದವರೆಗೆ ಸೆರೆವಾಸ, 1 ಕೋಟಿ ರೂಪಾಯಿವರೆಗೆ ದಂಡ ಎನ್ನುತ್ತದೆ. ಹಣ ಅಕ್ರಮ ವರ್ಗಾವಣೆಗೆ ಗೊತ್ತಿದ್ದೂ ನೆರವಾಗಿದ್ದು ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಕಠಿಣ ಸಜೆ. ಈಗಾಗಲೇ ಕಿಟ್ ಕೊಟ್ಟವರು ಇವತ್ತೇ ಶಾಖೆಗೆ ಹೋಗಿ ಖಾತೆಯಿಂದ ಹಣ ಹೋಗದಂತೆ ತಡೆಯಲು ಬರೆದುಕೊಟ್ಟು, ಮೊಹರು, ತಾರೀಖು ಹಾಕಿಸಿದ ಪ್ರತಿ ಇಟ್ಟುಕೊಳ್ಳಬೇಕು. ಸಿಮ್ ಬ್ಲಾಕ್ ಮಾಡಿಸಬೇಕು, ಸೈಬರ್ ಠಾಣೆಗೆ ತಾವಾಗಿಯೇ ತಿಳಿಸಬೇಕು.

ಬ್ಯಾಂಕುಗಳಿಂದಲೂ ಲೋಪವಿದೆ. ಗುರಿ ಮುಟ್ಟುವ ಅವಸರದಲ್ಲಿ ಅಂಗಡಿಯೇ ಇಲ್ಲದ ವಿಳಾಸಕ್ಕೆ ಚಾಲ್ತಿ ಖಾತೆ ತೆರೆಯಲಾಗುತ್ತದೆ. ನೆಟ್ ಬ್ಯಾಂಕಿಂಗ್ ಕೊಡುವ ಮೊದಲು ಒಬ್ಬ ಸಿಬ್ಬಂದಿ ಸ್ಥಳಕ್ಕೆ ಹೋಗಿ ನೋಡಿ ಬಂದರೆ ಅರ್ಧ ಬಾಡಿಗೆ ಖಾತೆಗಳು ಹುಟ್ಟುವುದೇ ಇಲ್ಲ. ಖಾತೆ ತೆರೆಯುವ ಅರ್ಜಿಯಲ್ಲಿ ‘ಈ ಖಾತೆಯನ್ನು ಬೇರೆಯವರಿಗೆ ಬಳಸಲು ಕೊಡುವುದು ಅಪರಾಧ’ ಎಂಬ ಸಾಲು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿರಬೇಕು, ಅದರ ಕೆಳಗೇ ಸಹಿ ಹಾಕಿಸಬೇಕು. ಪೊಲೀಸರು ಖಾತೆ ತಡೆಹಿಡಿದಾಗ ಪತ್ರದಲ್ಲಿ ನಮೂದಾದ ಮೊತ್ತಕ್ಕೆ ಮಾತ್ರ ತಡೆ ಇರಲಿ ಎಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದೆ. ನಮ್ಮಲ್ಲಿಯೂ ಬ್ಯಾಂಕುಗಳು ಅದನ್ನೇ ರೂಢಿ ಮಾಡಿಕೊಳ್ಳಲಿ. ಕಾರಣ ತಿಳಿಸುವ ಪತ್ರ ಗ್ರಾಹಕನಿಗೆ ಕನ್ನಡದಲ್ಲಿ, ಕೇಳದೆಯೇ ತಲುಪಲಿ.

ತಮ್ಮಲ್ಲೂ ಒಂದು ಕೋರಿಕೆ. ಸುದ್ದಿತಾಣದ ಹೆಸರಿನಲ್ಲಿ ಬೆಟ್ಟಿಂಗ್ ಕಂಪನಿಗಳು ಕೊಡುವ ಮರೆಮಾಚಿದ ಜಾಹೀರಾತು ಬೇಡವೆಂದು ವಾರ್ತಾ ಮತ್ತು ಪ್ರಸಾರ ಸಚಿವಾಲಯ 2022ರಲ್ಲೇ ಸೂಚಿಸಿತ್ತು. ಮುಂದಿನ ಪಂದ್ಯಾವಳಿಯ ಹೊತ್ತಿಗೆ ಕ್ರೀಡಾ ಪುಟದಲ್ಲಿ ಆ ಜಾಗವನ್ನು 1930 ಸಹಾಯವಾಣಿಗೆ ಮತ್ತು ಬಾಡಿಗೆ ಖಾತೆಯ ಎಚ್ಚರಿಕೆಗೆ ದಿನವೂ ನಾಲ್ಕು ಸಾಲಿನಷ್ಟು ಕೊಡಿ.

– ನಿವೃತ್ತ ಬ್ಯಾಂಕ್ ಅಧಿಕಾರಿ, ದಾವಣಗೆರೆ